ಆ ವರ್ಷ ತೋರಣ ಇರಲಿಲ್ಲ

ನಮ್ಮ ಗುಂಪಿಗೆ ಒಂದು ಕೆಟ್ಟ ಚಟವಿತ್ತು. ಯಾವ ವಿಷಯಕ್ಕೆ ವಾದ ಹುಟ್ಟಿದರೂ ಕೈ ಎತ್ತಿಸುವುದು, ಹೆಚ್ಚು ಕೈ ಎದ್ದ ಕಡೆಯೇ ನಿಜ ಇದೆ ಎಂದು ತೀರ್ಮಾನ ಮಾಡುವುದು. ಎಪ್ಪತ್ತರ ದಶಕದ ಕೊನೆಯಲ್ಲಿ ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಮುಂಬಯಿಗೆ ಕೆಲಸಕ್ಕೆ ಹೋಗುತ್ತಿದ್ದ ಕನ್ನಡದ ಗಂಡಸರ ಗುಂಪು ಅದು. ಅರ್ಧ ಜನ ನನ್ನ ಹಾಗೆ ಧಾರವಾಡ, ಬಿಜಾಪುರ, ಬಾಗಲಕೋಟೆ ಕಡೆಯವರು, ಇನ್ನರ್ಧ ಉಡುಪಿ ಕಡೆಯವರು. ಈ ಕೈ ಎತ್ತುವ ಆಟವನ್ನು ಮೊದಮೊದಲು ನಾನೂ ತಮಾಷೆ ಎಂದುಕೊಂಡಿದ್ದೆ. ಆಮೇಲೆ ಅದು ನನ್ನ ಕುತ್ತಿಗೆಗೇ ಬಂತು.

ದಿನಕ್ಕೆರಡು ಹೊತ್ತು ರೈಲಿನಲ್ಲೇ ಸವೆಯುತ್ತಿದ್ದ ನಮಗೆ ರೈಲಿನ ಮಾತೇ ಮಾತು. ಬೋರಿಬಂದರದಿಂದ ಠಾಣೆಗೆ ಮೊದಲ ಗಾಡಿ ಓಡಿದಾಗ ಜನ ತೆಂಗಿನಕಾಯಿ ಒಡೆದರೋ ಹೆದರಿ ಓಡಿದರೋ? ಠಾಣೆಯ ಹಿನ್ನೀರಿನ ಖಾಡಿಯ ಮೇಲಿನ ಹಳೆಯ ಸೇತುವೆ ಕಲ್ಲಿನದೋ ಕಬ್ಬಿಣದ್ದೋ? ನಾವು ದಿನಾ ಹಾಯುವ ಪಾರಸಿಕ್ ಗುಡ್ಡದ ಸುರಂಗ ಕೊರೆದವರು ಯಾವ ಕಡೆಯವರು? ನಮ್ಮಲ್ಲಿ ಯಾರೂ ಅದನ್ನು ನೋಡಿದವರಲ್ಲ, ಓದಿದವರೂ ಅಲ್ಲ. ಎಲ್ಲರಿಗೂ ಒಬ್ಬ ಅಜ್ಜನೋ ದೊಡ್ಡಪ್ಪನೋ ಇದ್ದ, ಅವನು ಹೇಳಿದ್ದು ಇವರಿಗೆ ನೆನಪಿತ್ತು, ಅಷ್ಟೆ. ಊರಿಗೆ ಇನ್ನೂ ರೈಲೇ ಹೋಗದ ಉಡುಪಿ ಕಡೆಯವರಿಗೆ ರೈಲಿನ ಚರಿತ್ರೆಯ ಮೇಲೆ ನಮಗಿಂತ ಹೆಚ್ಚು ಅಕ್ಕರೆ. ನಮ್ಮ ಕಡೆಯವರಂತೂ ಹುಬ್ಬಳ್ಳಿಯಲ್ಲಿ ರೈಲಿನ ಕಾರ್ಖಾನೆ ಇದೆ ಎಂಬ ಒಂದೇ ಬಲದ ಮೇಲೆ ದೇಶದ ಹಳಿಗಳೆಲ್ಲ ತಮ್ಮವೇ ಎನ್ನುವಂತೆ ಮಾತಾಡುತ್ತಿದ್ದರು. ಅವರಲ್ಲಿ ನಾನೂ ಒಬ್ಬ. ಮಾತಿಗೆ ನಿಂತರೆ ಬಿಡುವವನಲ್ಲ, ದನಿ ಬೇಗ ಏರುತ್ತಿತ್ತು.

ವಾದ ಜೋರಾದರೆ ಸರಪಂಚರು ಕೈ ಅಡ್ಡ ಹಿಡಿಯುತ್ತಿದ್ದರು. ಅವರು ಬಾಗಲಕೋಟೆಯವರು, ಮಸ್ಜಿದ್ ಬಂದರಿನ ಸೀರೆಯ ಅಂಗಡಿಯೊಂದರಲ್ಲಿ ಹಿರಿಯ ಗುಮಾಸ್ತರು. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವರಾದ್ದರಿಂದ ಆ ಹೆಸರು ಬಿದ್ದಿತ್ತು. "ಸಾಕ್ರಿ, ಎಷ್ಟ ಒದರ್ತೀರಿ. ಕೈ ಎತ್ರಿ ನೋಡೋಣು," ಎನ್ನುತ್ತಿದ್ದರು. ಕೈಗಳು ಏಳುತ್ತಿದ್ದವು. ಗೆದ್ದ ಮಾತು ಅವತ್ತಿನಿಂದ ಚರಿತ್ರೆ. ಸೋತವನು ಮುಂದಿನ ವಾದದವರೆಗೆ ಸೀಟಿನ ಆಸೆ ಬಿಟ್ಟು ಬಾಗಿಲ ಬಳಿ ನಿಲ್ಲಬೇಕು. ಕೂತವರು ಠಾಣೆ ಸ್ಟೇಷನ್ ಬಂದಾಗ ಎದ್ದು, ನಿಂತವರಿಗೆ ಜಾಗ ಕೊಡುವುದು ಎಲ್ಲ ಗುಂಪುಗಳಲ್ಲೂ ಇದ್ದ ಪದ್ಧತಿ. ಸೋತವನಿಗೆ ಆ ಸರದಿಯೂ ಇಲ್ಲ. ಇದು ನಾವೇ ಮಾಡಿಕೊಂಡ ಕಾಯಿದೆ.

ಇದರಲ್ಲಿ ಒಂದು ವಿಚಿತ್ರ ನಾನು ನೋಡಿದ್ದೆ. ಕೈ ಎತ್ತಿದ ಎರಡೇ ವಾರಕ್ಕೆ, ಸೋತ ಪಕ್ಷದವರೂ ಗೆದ್ದ ಮಾತನ್ನೇ ತಮ್ಮ ಅಜ್ಜನಿಂದ ಕೇಳಿದ್ದೆಂದು ಹೇಳತೊಡಗುತ್ತಿದ್ದರು. ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಅವರಿಗೆ ಹಾಗೇ ನೆನಪಾಗುತ್ತಿತ್ತು. ಅದನ್ನು ನೋಡಿ ನಾನು ನಗುತ್ತಿದ್ದೆ, ಮನೆಗೆ ಬಂದು ಹೆಂಡತಿಗೆ ಹೇಳಿ ಅವಳನ್ನೂ ನಗಿಸುತ್ತಿದ್ದೆ.

ನನಗೆ ಸರಿಯಾದ ಎದುರಾಳಿ ಎಂದರೆ ಮ್ಯಾನೇಜರರು. ಉಡುಪಿ ಕಡೆಯ ಎತ್ತರದ ಆಳು. ದಾದರಿನಲ್ಲಿ ಸಂಬಂಧಿಕರ ಹೋಟೆಲಿನ ಲೆಕ್ಕಪತ್ರ ನೋಡುತ್ತಿದ್ದರು. ತಣ್ಣಗಿನ ಮನುಷ್ಯ. ನಾನು ಎಷ್ಟು ಕೂಗಿದರೂ "ಹಾಗಲ್ಲ ಮಾರಾಯ್ರೆ, ನೀವು ಸ್ವಲ್ಪ ನೀರು ಕುಡೀರಿ," ಎಂದು ನಗುತ್ತಿದ್ದರು. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು. ಅವರ ರಾಗದಲ್ಲೇ "ಎಂತ ಮಾರಾಯ್ರೆ" ಎಂದು ಅಣಕಿಸಿ ರೈಲಿನ ಡಬ್ಬಿಯನ್ನೆಲ್ಲ ನಗಿಸುತ್ತಿದ್ದೆ. ಅವರೂ ನಗುತ್ತಿದ್ದರು. ನಮ್ಮಿಬ್ಬರ ನಡುವೆ ಹಗೆ ಇರಲಿಲ್ಲ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಯಾಕೆಂದರೆ ಇದೂ ನನ್ನ ನೆನಪೇ.

ಆ ವರ್ಷ ದಸರೆಗೆ ಮುಂಚೆ ಸುರಂಗದ ಮಾತು ಬಂತು. ನಾನು ನಮ್ಮಜ್ಜನ ಕಥೆ ಹೇಳಿದೆ. ನಮ್ಮಜ್ಜ ಸುರಂಗದ ಕೆಲಸಕ್ಕೆ ಧಾರವಾಡದಿಂದ ಬಂದಿದ್ದ, ಮೊದಲ ಗಾಡಿ ಹಾದುಹೋದ ದಿನ ಸುರಂಗದ ಬಾಯಿಯಲ್ಲಿ ಹಸಿರು ನಿಶಾನೆ ಹಿಡಿದು ನಿಂತಿದ್ದ. ಆ ನಿಶಾನೆ ನಮ್ಮ ಮನೆಯ ಗೂಟಕ್ಕೆ ನೇತುಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಅಪ್ಪ ಅದನ್ನು ತೋರಿಸಿ ತೋರಿಸಿ ಕಥೆ ಹೇಳುತ್ತಿದ್ದ.

"ನಿಮ್ಮಜ್ಜ ಅಲ್ಲಿ ಇರ್ಲಿಕ್ಕಿಲ್ಲ," ಎಂದರು ಮ್ಯಾನೇಜರರು. "ಸುರಂಗದವರಿಗೆ ಊಟ ಹಾಕಿದ್ದು ನಮ್ಮ ದೊಡ್ಡಜ್ಜ. ಹಡಗಿನಲ್ಲಿ ಬಂದವರು ಅವರು. ಅಲ್ಲಿದ್ದವರೆಲ್ಲ ಅವರಿಗೆ ಗೊತ್ತುಂಟು. ಧಾರವಾಡದವರ ಸುದ್ದಿಯೇ ಹೇಳ್ಳಿಲ್ಲ."

"ಅನ್ನ ಬಡಿಸಾವ ತಾಟ ನೋಡ್ತಾನ್ರಿ, ನಿಶಾನಿ ನೋಡೂದಿಲ್ಲ," ಎಂದೆ ನಾನು.

ಡಬ್ಬಿ ನಕ್ಕಿತು. ಮ್ಯಾನೇಜರರು ಮೊದಲ ಸಲ ನಗಲಿಲ್ಲ. ದೊಡ್ಡಜ್ಜನ ಮಾತಾದ್ದರಿಂದ ಅವರಿಗೆ ನಾಟಿತ್ತು. ಸರಪಂಚರು ಕೈ ಎತ್ತಿಸಿದರು. ನಮ್ಮ ಕಡೆಯ ಒಂದಿಬ್ಬರು ಅವತ್ತು ರಜೆಯ ಮೇಲಿದ್ದರು. ಬ್ಯಾಂಕಿನಲ್ಲಿದ್ದ ಬೆಂಗಳೂರಿನವರೊಬ್ಬರು, ಗುಂಪಿನಲ್ಲಿ ಎರಡೂ ಕಡೆಗೆ ಸೇರದ ಮನುಷ್ಯ, "ಸಾರ್, ಊಟದ ವಿಷಯ ನಂಬಬಹುದು, ನಿಶಾನೆ ಸ್ವಲ್ಪ ಜಾಸ್ತಿಯಾಯ್ತು," ಎಂದು ಮ್ಯಾನೇಜರರ ಕಡೆ ಕೈ ಎತ್ತಿದರು. ನಮ್ಮಜ್ಜ ಸೋತ. ನಾನು ಸಿಟ್ಟಿನಿಂದ ಏನೇನೋ ಅಂದೆ. "ಈ ಹಾಳು ಪಂಚಾಯ್ತಿ ಒಂದು ದಿನ ಯಾರನ್ನಾದ್ರೂ ತಿಂತೈತಿ," ಅಂದದ್ದು ಮಾತ್ರ ಎಲ್ಲರಿಗೂ ಚೆನ್ನಾಗಿ ನೆನಪುಳಿಯಿತು. ಬಾಗಿಲ ಬಳಿ ಹೋಗಿ ನಿಂತೆ.

ದಸರೆಯ ರಜೆಯ ಹಿಂದಿನ ದಿನ ನಮ್ಮ ಲೋಕಲ್‌ಗಳಲ್ಲಿ ಡಬ್ಬಿಯ ಪೂಜೆ ನಡೆಯುತ್ತದೆ. ಬಾಗಿಲಿಗೆ ಚೆಂಡುಹೂವಿನ ತೋರಣ, ಮಾವಿನೆಲೆ, ಸೀಟಿನ ಬೆನ್ನಿಗೆ ಕುಂಕುಮ, ಎಲ್ಲರಿಗೂ ಪೇಢೆ. ನಮ್ಮ ಡಬ್ಬಿಗೆ ಕಲ್ಯಾಣದ ಮಾರ್ಕೆಟ್‌ನಿಂದ ಹೂ ತರುವುದು ನನ್ನ ಪಾಲಿಗೆ, ಎತ್ತರವಿದ್ದ ಮ್ಯಾನೇಜರರ ಪಾಲಿಗೆ ತೋರಣ ಕಟ್ಟುವುದು. ಪ್ರತಿ ವರ್ಷವೂ ಹೀಗೇ. ಬಾಗಿಲಲ್ಲಿ ತುದಿಗಾಲ ಮೇಲೆ ನಿಂತು, ಬಾಯಲ್ಲಿ ದಾರ ಕಚ್ಚಿಕೊಂಡು, ಓಡುವ ಗಾಡಿಯಲ್ಲೇ ಅವರು ಕಟ್ಟುತ್ತಿದ್ದರು. ನಾವು ಅವರ ಸೊಂಟ ಹಿಡಿದುಕೊಳ್ಳುತ್ತಿದ್ದೆವು.

ಅನಾಹುತ ಆದದ್ದು ಪೂಜೆಯ ಹಿಂದಿನ ದಿನ. ಹೂವಿನವಳಿಗೆ ನಾನು ಹೇಳಿಟ್ಟಿದ್ದೆ, ಹೂ ಇನ್ನೂ ತಂದಿರಲಿಲ್ಲ.

ಅವತ್ತೂ ನಾನು ಬಾಗಿಲ ಬಳಿಯೇ ನಿಂತಿದ್ದೆ. ದಿವಾ ಸ್ಟೇಷನ್ ದಾಟಿದ ಮೇಲೆ ಮ್ಯಾನೇಜರರು ಸೀಟಿನಿಂದ ಎದ್ದು ಜನರ ನಡುವೆ ತೂರಿಕೊಂಡು ಬಾಗಿಲಿಗೆ ಬಂದರು. ನನ್ನ ಕಿವಿಯ ಹತ್ತಿರ ಬಾಗಿ, "ಬರ್ರಿ, ನೀವ ಕೂಡ್ರಿ, ಸಾಕ್ರಿ ಸಿಟ್ಟು," ಅಂದರು. ಗಾಡಿಯ ಸದ್ದಿನಲ್ಲಿ ಅದು ನನಗೊಬ್ಬನಿಗೇ ಕೇಳಿಸಿತು. ನನ್ನ ಜಾಗಕ್ಕೆ ಅವರು ಬಂದು, ಒಳಗೆ ಹೋಗಲೆಂದು ನನಗೆ ದಾರಿ ಬಿಟ್ಟರು. ಅಷ್ಟರಲ್ಲಿ ಸುರಂಗ. ಒಳಗೆ ದೀಪವಿದ್ದರೂ ಬಾಗಿಲ ಬಳಿ ಕತ್ತಲೆಯೇ. ಕಳವಾ ಕಡೆಯ ಬಾಯಿಯಿಂದ ಗಾಡಿ ಹೊರಬಿದ್ದ ಕೂಡಲೇ ಬಿಸಿಲು ಕಣ್ಣಿಗೆ ಹೊಡೆಯಿತು, ಠಾಣೆಯಲ್ಲಿ ಇಳಿಯುವವರು ಎಂದಿನ ಹಾಗೆ ಒಳಗಿನಿಂದ ಬಾಗಿಲ ಕಡೆ ಒತ್ತಿದರು. ಕಂಬಿ ಹಿಡಿಯಲು ಮ್ಯಾನೇಜರರು ಚಾಚಿದ ಕೈಗೆ ಅದು ಸಿಗಲಿಲ್ಲ. ನಾನು ಕೈ ಚಾಚಿದೆ. ಬೆರಳಿಗೆ ಅಂಗಿಯ ಬೆನ್ನು ತಾಗಿತು, ಬೆವರಿನಿಂದ ಒದ್ದೆಯಾಗಿತ್ತು. ಆಮೇಲೆ ಅಲ್ಲಿ ಯಾರೂ ಇರಲಿಲ್ಲ.

ಯಾರೋ ಸರಪಳಿ ಎಳೆದರು. ಖಾಡಿಯ ಸೇತುವೆಗೆ ಸ್ವಲ್ಪ ಮುಂಚೆ ಗಾಡಿ ನಿಂತಿತು. ಹಳಿಯ ಪಕ್ಕದ ಖೋಲಿಗಳ ಜನ ಅವರನ್ನು ಎತ್ತಿ ತಂದರು. ಒಂದು ಕಾಲು ಮೊಣಕಾಲ ಕೆಳಗೆ ಹೋಗಿತ್ತು, ತಲೆಗೂ ಏಟು ಬಿದ್ದಿತ್ತು. ಉಸಿರಿತ್ತು. ಠಾಣೆಯ ಆಸ್ಪತ್ರೆಗೆ ಸೇರಿಸಿದೆವು. ಪೂಜೆ ಬಿಟ್ಟೆವು. ಯಾರಿಗೆ ಬೇಕಿತ್ತು ಪೂಜೆ? ಹೂ ಹೂವಿನವಳ ಬುಟ್ಟಿಯಲ್ಲೇ ಉಳಿಯಿತು.

ರಜೆ ಮುಗಿದು ಗಾಡಿ ಹತ್ತಿದಾಗ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು, ಪಾಪ, ಬಿದ್ದುಬಿಟ್ಟರು ಅಂತ. ಒಂದೆರಡು ದಿನ ಕಳೆದ ಮೇಲೆ, ಬಾಗಿಲಿಗೆ ಯಾಕೆ ಬಂದಿದ್ದರು ಎಂಬ ಪ್ರಶ್ನೆ ಎದ್ದಿತು. ನನಗೆ ಸೀಟು ಕೊಡಲು ಬಂದಿದ್ದರು ಎಂದೆ. ಬ್ಯಾಂಕಿನವರು ಹುಬ್ಬು ಏರಿಸಿದರು. "ಕಾಯಿದೆ ಇದೆಯಲ್ಲ ಸಾರ್. ಸೋತವರಿಗೆ ಸೀಟು ಕೊಡೋ ಹಾಗಿಲ್ಲ. ಮ್ಯಾನೇಜರ್ರು ಕಾಯಿದೆ ಮುರಿಯೋರಲ್ಲ." ಇನ್ನೊಬ್ಬರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು, "ಪೂಜೆ ಇತ್ತಲ್ಲ, ತೋರಣ ಕಟ್ಲಿಕ್ಕೆ ಬಂದಿರ್ಬೇಕು." ಆ ಮಾತು ಎಲ್ಲರಿಗೂ ಹಿಡಿಸಿತು. ಹೌದಲ್ಲ, ಅದಕ್ಕೇ ಬಾಗಿಲಿಗೆ ಬಂದದ್ದು. ತೋರಣ ಕಟ್ಟುವಾಗ ಎರಡೂ ಕೈ ಮೇಲಿರುತ್ತವೆ, ಅದಕ್ಕೇ ಕಂಬಿ ಸಿಗಲಿಲ್ಲ.

"ತೋರಣ ಎಲ್ಲೀದ್ರಿ?" ಎಂದೆ ನಾನು. "ಹೂವ ತರೋಂವ ನಾನು. ನಾನಽ ತಂದಿರಲಿಲ್ಲ."

"ಪ್ರತಿ ವರ್ಷ ಇರ್ತದಲ್ಲ," ಎಂದರು ಅವರು.

ಆ ವಾರವೆಲ್ಲ ತೋರಣ ಬೆಳೆಯುತ್ತಾ ಹೋಯಿತು. ಒಬ್ಬರಿಗೆ ಅದರ ಮಾವಿನೆಲೆ ನೆನಪಾಯಿತು. ಮತ್ತೊಬ್ಬರಿಗೆ ಬಿದ್ದ ಮೇಲೆ ನೆಲದ ಮೇಲೆ ಚೆಲ್ಲಿದ ಹೂವು ನೆನಪಾಯಿತು, ಅವರು ಕಾಲಿನಿಂದ ಸರಿಸಿದ್ದರಂತೆ. ತೋರಣ ಕಟ್ಟುವವನ ಸೊಂಟವನ್ನು ಯಾರಾದರೂ ಹಿಡಿದಿರಬೇಕಲ್ಲ? ಹಿಂದೆ ಇದ್ದವನು ನಾನು. ನಾನು ಹಿಡಿದಿದ್ದೆನೋ, ಬಿಟ್ಟೆನೋ? ಬಿಟ್ಟೆ ಎಂದು ಸುರುವಾದದ್ದು ವಾರದ ಕೊನೆಗೆ ಬೆನ್ನ ಮೇಲೆ ಕೈ ಕಂಡಿತು ಎಂಬಲ್ಲಿಗೆ ಬಂತು. ಯಾರಿಗೆ ಕಂಡಿತು? ಮೊದಲು ಒಬ್ಬರಿಗೆ, ಆಮೇಲೆ ಮೂವರಿಗೆ. ಸುರಂಗದಿಂದ ಹೊರಬಿದ್ದು ಕಣ್ಣು ಕೋರೈಸುತ್ತಿದ್ದ ಆ ಗಳಿಗೆಯಲ್ಲಿ ಇವರಿಗೆಲ್ಲ ಕೈ ಕಂಡಿತ್ತು. ಇದರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಹಬ್ಬಕ್ಕೆ ನಮ್ಮ ಮನೆಗೆ ಬಂದು ಹೋಳಿಗೆ ತಿಂದವರು, ನನ್ನ ಹೆಂಡತಿಯ ಬಾಣಂತನಕ್ಕೆ ಡಾಕ್ಟರನ್ನು ಹುಡುಕಿಕೊಟ್ಟವರು. ನೋಡಿದ್ದನ್ನೇ ಹೇಳುತ್ತಿದ್ದೇವೆ ಎಂದು ಅವರು ನಂಬಿದ್ದರು.

ಒಂದು ಬೆಳಿಗ್ಗೆ ಸರಪಂಚರು ಗಂಟಲು ಸರಿಮಾಡಿಕೊಂಡರು. ರೈಲ್ವೆ ಪೊಲೀಸರು ಬಂದು ಕೇಳಿ ಹೋಗಿದ್ದಾರೆ, ಮ್ಯಾನೇಜರರಿಗೆ ಮಾತು ಬಂದ ಮೇಲೆ ಅವರ ಹೇಳಿಕೆ ತಗೊಳ್ಳುತ್ತಾರಂತೆ, ಅದಕ್ಕೆ ಮುಂಚೆ ನಾವೆಲ್ಲ ಒಂದು ಮಾತಿಗೆ ಬರುವುದು ಒಳ್ಳೆಯದು ಎಂದರು. ಕೈ ಎತ್ತಿ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಅಂಗೈ ಮಾತ್ರ ಸ್ವಲ್ಪ ಮೇಲೆ ತಿರುಗಿಸಿದರು. ನಾನು ಅಲ್ಲೇ ನಿಂತಿದ್ದೆ. ಒಂದೊಂದಾಗಿ ಕೈಗಳು ಎದ್ದವು. ಗಾಡಿ ಆಗ ಸುರಂಗದಲ್ಲಿತ್ತು. ಆ ಕೈಗಳನ್ನು ನಾನು ದೀಪದ ಮಂಕು ಬೆಳಕಿನಲ್ಲಿ ನೋಡಿದೆ.

ನಾನು ಕೂಗಾಡಿದೆ. ಬಾಯಿಗೆ ಬಂದ ಹಾಗೆ ಬೈದೆ. "ನನಗ ಚಲೋ ನೆನಪೈತ್ರಿ. ನಾ ಹಿಡ್ಯಾಕ ಹೋಗಿದ್ದೆ," ಎಂದೆ. ಆಗ ಬ್ಯಾಂಕಿನವರು ಬೇಸರದಿಂದ, ಕೆಟ್ಟದಾಗಿ ಅಲ್ಲ, ಹೇಳಿದರು, "ನಿಮಗೆ ನಿಮ್ಮಜ್ಜನ ನಿಶಾನೆನೂ ಚೆನ್ನಾಗಿ ನೆನಪಿತ್ತಲ್ಲ ಸಾರ್."

ಮರುದಿನ ನಾನು ಹತ್ತಿದ ಕೂಡಲೇ ಯಾರೋ ಎದ್ದು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಅದರ ಮರುದಿನವೂ ಹಾಗೆ. ವರ್ಷಗಟ್ಟಲೆ ಸರದಿಗೆ ಕಾದು ನಿಲ್ಲುತ್ತಿದ್ದ ಸೀಟು ಅದು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎನ್ನುತ್ತಿದ್ದರು, ಬಲು ವಿನಯದಿಂದ. ಬಾಗಿಲಲ್ಲಿ ತಮ್ಮ ಹಿಂದೆ ನಾನು ನಿಲ್ಲುವುದು ಅವರಿಗೆ ಬೇಕಿರಲಿಲ್ಲ. ಠಾಣೆ ಬಂದರೂ ನನ್ನನ್ನು ಯಾರೂ ಎಬ್ಬಿಸಲಿಲ್ಲ.

ಇನ್ನು ನನಗೆ ಉಳಿದಿದ್ದವರು ಮ್ಯಾನೇಜರರೊಬ್ಬರೇ. ತಾನು ಎದ್ದು ಬಂದು ಏನು ಹೇಳಿದೆ ಎಂಬುದು ಅವರಿಗೆ ಗೊತ್ತಿತ್ತು. ಅವರು ಒಂದು ಮಾತು ಹೇಳಿದರೆ ನಾನು ಉಳಿದೆ. ಇವನೇ ದೂಡಿದ ಎಂದರೆ ಕೇಸು, ನೌಕರಿ ಹೋಗುವುದು, ಮನೆ ಬೀದಿಗೆ ಬರುವುದು. ತಲೆಗೆ ಬಿದ್ದ ಏಟಿನಿಂದ ಅವರಿಗೆ ವಾರಗಟ್ಟಲೆ ಮಾತು ಬಂದಿರಲಿಲ್ಲ. ನಾನು ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಒಳಗೆ ಗುಂಪಿನವರು ಯಾರಾದರೂ ಇದ್ದೇ ಇರುತ್ತಿದ್ದರು. ಎಳನೀರು ತಂದು, ಮಂಚದ ಪಕ್ಕ ಕೂತು, ಕೇಳುತ್ತದೋ ಇಲ್ಲವೋ ಗೊತ್ತಿಲ್ಲದ ಮನುಷ್ಯನಿಗೆ ಅಂದು ಏನಾಯಿತೆಂದು ಹೇಳುತ್ತಿದ್ದರು. ಮಾತಾಡಿಸುತ್ತಿದ್ದರೆ ನೆನಪು ಬೇಗ ಬರುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

ದೀಪಾವಳಿಗೆ ಧಾರವಾಡಕ್ಕೆ ಹೋದೆ. ಅಪ್ಪ ತೀರಿಕೊಂಡಿದ್ದ. ಅಪ್ಪನ ಅಕ್ಕ, ನಮ್ಮ ದೊಡ್ಡತ್ತಿ, ಇನ್ನೂ ಗಟ್ಟಿಯಾಗಿದ್ದಳು. ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತಾಗ ಅಜ್ಜನ ಸುರಂಗದ ಕಥೆ ಕೇಳಿದೆ. ಅವಳ ಕೈ ನನ್ನ ತಲೆಯ ಮೇಲೆ ನಿಂತಿತು.

"ಯಾವ ಸುರಂಗೋ? ನಮ್ಮಪ್ಪ ಲೋಂಡಾ ದಾಟಿದಾಂವ ಅಲ್ಲ. ಇಲ್ಲೇ ರೈಲ್ವೆ ಗೇಟಿನ್ಯಾಗ ಇದ್ದ. ಆ ನಿಶಾನಿ ಗೇಟಿಂದು."

"ಅಪ್ಪ ಹೇಳ್ತಿದ್ದನಲ್ಲ?"

"ನಿಮ್ಮಪ್ಪ ಯಾಕ ಹೇಳ್ತಾನ? ನೀನಽ ಸಾಲ್ಯಾಗ ಹುಡುಗೂರ ಮುಂದ ಹೇಳ್ಕೊಂತ ಬರ್ತಿದ್ದಿ. ನಾವು ನಗತಿದ್ವಿ," ಎಂದು ಮತ್ತೆ ತಿಕ್ಕತೊಡಗಿದಳು.

ನನಗೆ ಅಪ್ಪನ ದನಿ ಕೇಳುತ್ತದೆ, ಗೂಟದ ಕಡೆ ತೋರಿಸಿದ ಬೆರಳು ಕಾಣುತ್ತದೆ. ದೊಡ್ಡತ್ತಿಗೆ ವಯಸ್ಸಾಗಿದೆ, ಮರೆತಿದ್ದಾಳೆ ಎಂದುಕೊಂಡೆ. ಆದರೂ ಇದನ್ನು ನಾನು ಡೊಂಬಿವಲಿಯಲ್ಲಿ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ವಾಪಸು ಬಂದಾಗ ಮ್ಯಾನೇಜರರಿಗೆ ಮಾತು ಬಂದಿದೆ ಎಂದು ತಿಳಿಯಿತು. ಅವತ್ತೇ ಮಧ್ಯಾಹ್ನ ರಜೆ ಹಾಕಿ ಠಾಣೆಯಲ್ಲಿ ಇಳಿದೆ. ವಾರ್ಡಿನಲ್ಲಿ ಅವರ ಹೆಂಡತಿ ಮಂಚದ ಬದಿಯಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಎದ್ದು ಗೋಡೆಯ ಕಡೆ ಸರಿದರು. ಮ್ಯಾನೇಜರರು ಹೆಂಡತಿಗೆ ತುಳುವಿನಲ್ಲಿ ಏನೋ ಹೇಳಿದರು, ಆಕೆ ಮತ್ತೆ ಕೂತರು.

"ಬನ್ನಿ. ನೀವು ಬರ್ತೀರಿ ಅಂತ ಗೊತ್ತುಂಟು ನನಗೆ," ಎಂದರು ಮ್ಯಾನೇಜರರು. ದನಿ ಸಣ್ಣದಾಗಿತ್ತು, ಮುಖ ಮಾತ್ರ ಅದೇ ತಣ್ಣಗಿನ ಮುಖ. "ಪೊಲೀಸರು ನಿನ್ನೆ ಬಂದಿದ್ರು."

ಏನು ಹೇಳಿದಿರಿ ಎಂದು ನಾನು ಕೇಳುವ ಮೊದಲೇ ಅವರು ಮುಂದುವರಿಸಿದರು.

"ಜನರ ಒತ್ತಡದಲ್ಲಿ ಬಿದ್ದೆ ಅಂತ ಬರೆಸಿದ್ದೇನೆ. ಕೇಸು ಬೇಡ. ನಿಮಗೂ ಮಕ್ಕಳುಂಟು." ಅವರು ನನ್ನ ಕೈ ಹಿಡಿದರು. "ಸಿಟ್ಟಿನಲ್ಲಿ ಆಗಿಹೋಗ್ತದೆ. ಮನುಷ್ಯರಲ್ವಾ? ನಾನು ಮನಸ್ಸಿನಲ್ಲಿ ಎಂತದೂ ಇಟ್ಟುಕೊಂಡಿಲ್ಲ."

"ಆಗಿಹೋಗೋದು ಅಂದ್ರ?" ಎಂದೆ. "ನಾ ಏನ್ ಮಾಡೀನ್ರಿ? ನೀವು ನನಗ ಸೀಟು ಕೊಡಾಕ ಎದ್ದು ಬಂದ್ರಿ. ನೆನಪು ಮಾಡ್ಕೋರಿ. ನನ್ನ ಕಿವಿಯಾಗ ಹೇಳಿದ್ರಿ."

ಅವರು ಕಣ್ಣು ಮುಚ್ಚಿ ಹುಡುಕಿದರು. ನಿಜವಾಗಿ ಹುಡುಕಿದರು, ಅದು ನನಗೆ ಕಾಣುತ್ತಿತ್ತು. ನನ್ನ ಇಡೀ ಬದುಕು ಆ ಮುಚ್ಚಿದ ಕಣ್ಣಿನ ಹಿಂದೆ ಇತ್ತು. ಅವರ ಹೆಂಡತಿಯ ಕೈಯಲ್ಲಿ ಮೂಸಂಬಿ ಹಾಗೇ ಇತ್ತು.

"ಇಲ್ಲ ಮಾರಾಯ್ರೆ," ಎಂದರು ಕೊನೆಗೆ. "ತೋರಣ ಕಟ್ತಾ ಇದ್ದೆ. ದಾರ ಬಾಯಲ್ಲಿತ್ತು. ಬೆನ್ನಿಗೆ ನಿಮ್ಮ ಕೈ ತಾಗಿದ್ದು ಈಗಲೂ ಗೊತ್ತಾಗ್ತದೆ. ತೋರಣದ ಗೊಂಡೆ ಹೂವಿನ ವಾಸನೆ ಮೂಗಿನಲ್ಲೇ ಉಂಟು."

"ಆ ವರ್ಷ ತೋರಣ ಇರಲಿಲ್ಲ," ಎಂದೆ ನಾನು.

ಅವರು ಕನಿಕರದಿಂದ ನನ್ನನ್ನು ನೋಡಿದರು, ನನ್ನ ಕೈ ತಟ್ಟಿದರು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆನೇನೋ. ಕ್ಷಮಿಸುವವನ ಮುಂದೆ ವಾದ ಮಾಡುವುದು ಹೇಗೆ? ಬೇಡ ಎಂದು ಕೈ ಕೊಡವಿಕೊಂಡು ಬಂದರೆ ಕಾಲು ಕಳೆದುಕೊಂಡವನ ಎದುರು ಸೊಕ್ಕಿನವನಾಗುತ್ತಿದ್ದೆ. ಹೊರಡುವಾಗ ಅವರ ಹೆಂಡತಿ ಸುಲಿದ ಮೂಸಂಬಿ ನನ್ನ ಕೈಗಿಟ್ಟರು. ತಿನ್ನದೆ ದಾರಿಯಲ್ಲಿ ಎಸೆದೆ.

ಕೇಸು ಆಗಲಿಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಮ್ಯಾನೇಜರರೇ ಕ್ಷಮಿಸಿದ ಮೇಲೆ ಇವರದೇನು? ಹಾಗಾಗಿ ಅದು ಪಕ್ಕಾ ಆಯಿತು. ಏನೂ ಮಾಡದವನನ್ನು ಯಾರು ಕ್ಷಮಿಸುತ್ತಾರೆ? ಆ ಗಾಡಿಯಲ್ಲಿ ಇನ್ನು ಹೋಗುವುದು ಸಾಧ್ಯವಿರಲಿಲ್ಲ. ನಾನು ಮುಂಬಯಿಯ ನೌಕರಿ ಬಿಟ್ಟು ಠಾಣೆಯಲ್ಲಿ ಕಡಿಮೆ ಸಂಬಳಕ್ಕೆ ಸೇರಿದೆ, ವರ್ತಕ ನಗರದಲ್ಲಿ ಸಣ್ಣ ಮನೆ ಹಿಡಿದೆವು. ಆಮೇಲೆ ಎಂಬತ್ತರ ದಶಕದಲ್ಲಿ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್‌ನಲ್ಲಿ ಗುಮಾಸ್ತನಾದೆ. ಅಲ್ಲಿಗೆ ಬಸ್ಸಿನಲ್ಲೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಯಾವಾಗಲೂ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ದೂರ ಕೂರುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ ಡೊಂಬಿವಲಿಯ ಕನ್ನಡದವರ ರಾಜ್ಯೋತ್ಸವಕ್ಕೆ ಹೆಂಡತಿ ಹಟ ಮಾಡಿ ಕರೆದುಕೊಂಡು ಹೋದಳು. "ನಮ್ಮ ಜನ ಮತ್ತು ಈ ರೈಲು" ಎಂಬ ಭಾಷಣ ಇತ್ತು. ಮಾತಾಡಿದವರು ಸರಪಂಚರು, ಹಣ್ಣಾದ ಮುದುಕರಾಗಿದ್ದರು. ಪಾರಸಿಕ್ ಸುರಂಗ ಕೊರೆದವರಿಗೆ ಅನ್ನ ಹಾಕಿದ ಉಡುಪಿಯ ಮಹನೀಯರ ಕಥೆ ಹೇಳಿದರು, ಜನ ಚಪ್ಪಾಳೆ ತಟ್ಟಿದರು. ನಾವು ಒಂದು ಬೆಳಿಗ್ಗೆ ಕೈ ಎತ್ತಿದ್ದು ಈಗ ಚರಿತ್ರೆಯಾಗಿ ಮೈಕಿನಲ್ಲಿ ಬರುತ್ತಿತ್ತು. ಆಮೇಲೆ ಅವರು ಅದೇ ವಂಶದ ಒಬ್ಬರು ದಸರೆಯ ತೋರಣ ಕಟ್ಟುತ್ತ ಕಾಲು ಕಳೆದುಕೊಂಡರು, ಆದರೂ ದೂಡಿದವನನ್ನು ಕ್ಷಮಿಸಿದರು ಎಂದರು. ನನ್ನ ಹೆಸರು ಹೇಳಲಿಲ್ಲ. ಅವರಿಗೆ ಅಷ್ಟು ದೊಡ್ಡತನ ಇತ್ತು. ಮುಂದಿನ ಸಾಲಿನಲ್ಲಿ ಮ್ಯಾನೇಜರರು ಊರುಗೋಲು ಪಕ್ಕಕ್ಕಿಟ್ಟು ತಲೆ ಬಗ್ಗಿಸಿ ಕೂತಿದ್ದರು.

ಕೇಳುತ್ತ ಕೂತಿದ್ದಾಗ ನನಗೆ ಆ ಬಾಗಿಲು ಕಂಡಿತು. ಬಾಗಿಲ ಮೇಲೆ ಹಳದಿ ಚೆಂಡುಹೂವಿನ ತೋರಣ ಗಾಳಿಗೆ ಅಲುಗುತ್ತಿತ್ತು. ಕಣ್ಣು ಉಜ್ಜಿದೆ. ಮತ್ತೆ ನೆನೆದುಕೊಂಡೆ. ತೋರಣವಿಲ್ಲದ ಬಾಗಿಲು ಎಷ್ಟು ಮಾಡಿದರೂ ಬರಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಎಲ್ಲ ಸುಳ್ಳು, ನಿಜ ಏನೆಂದು ನನಗೊಬ್ಬನಿಗೇ ಗೊತ್ತು ಎಂದೆ. "ಅವರು ಬಂದು ಏನಂದ್ರು ಗೊತ್ತೇನು? 'ಬರ್ರಿ, ನೀವ ಕೂಡ್ರಿ, ಸಾಕ್ರಿ ಸಿಟ್ಟು' ಅಂದ್ರು. ಇವತ್ತೂ ಕಿವ್ಯಾಗ ಐತಿ."

ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಿ ನನ್ನನ್ನೇ ನೋಡಿದಳು.

"ಅವರು ಉಡುಪಿ ಕಡೆಯೋರು," ಎಂದಳು ಮೆಲ್ಲಗೆ. "'ಕೂಡ್ರಿ' ಅಂತ ಹೆಂಗ ಅಂತಾರ?"

ಇಷ್ಟು ವರ್ಷ ಅದು ನನಗೆ ಹೊಳೆದಿರಲಿಲ್ಲ. ನನ್ನನ್ನು ಉಳಿಸುವ ಒಂದೇ ಮಾತು, ಅವರ ಬಾಯಲ್ಲಿ ಎಂದೂ ಬಾರದ ನನ್ನೂರಿನ ಕನ್ನಡದಲ್ಲಿತ್ತು. ಅವಳು ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಒಬ್ಬನೇ ನಿಂತು ಅವರು ನಿಜವಾಗಿ ಹೇಗೆ ಹೇಳಿರಬಹುದು ಎಂದು ನೋಡಿದೆ. "ಬನ್ನಿ ಮಾರಾಯ್ರೆ, ನೀವು ಕೂತ್ಕೊಳ್ಳಿ," ಎಂದೆ. ಹಿಂದೆ ಡಬ್ಬಿಯಲ್ಲಿ ಅವರನ್ನು ಅಣಕಿಸುತ್ತಿದ್ದ ಹಾಗೇ ಕೇಳಿಸಿತು. ಇನ್ನೊಂದು ಸಲ ಹೇಳಿದೆ. ಆಗ ನನ್ನ ಬಲಗೈ ತಾನಾಗಿ ಮುಂದಕ್ಕೆ ಚಾಚಿತು, ಬೆರಳಿಗೆ ಒದ್ದೆ ಅಂಗಿ ತಾಗಿತು. ಆ ಕೈ ಹಿಡಿಯಲು ಹೋಗಿದ್ದೋ ದೂಡಲು ಹೋಗಿದ್ದೋ, ನನಗೆ ಗೊತ್ತಾಗಲಿಲ್ಲ.